ದೇವರ ಪಟಕ್ಕೆ ಹಿಡಿದ ರಸಮಟ್ಟ

ಮೊನ್ನೆ ನನ್ನದೊಂದು ಸ್ಕ್ಯಾನಿಂಗ್ ರಿಪೋರ್ಟು ಹುಡುಕುತ್ತಾ ಅಲ್ಮೆರಾದ ಕೆಳಗಿನ ಖಾನೆಗೆ ಕೈ ಹಾಕಿದೆ. ರಿಪೋರ್ಟಿನ ವಿಷಯ ಆಮೇಲೆ ಹೇಳುತ್ತೇನೆ, ಅವಸರ ಬೇಡ. ಅದು ನಾಲ್ಕು ಜನರೆದುರು ಹೇಳಿಕೊಳ್ಳಲು ಸ್ವಲ್ಪ ಮುಜುಗರದ ಜಾಗದ್ದು. ಕೈಗೆ ಸಿಕ್ಕಿದ್ದು ರಿಪೋರ್ಟಲ್ಲ, ರಸಮಟ್ಟ. ಗಾರೆ ಕೆಲಸದವರು ನೆಲ ಸಮವಾಗಿದೆಯೇ ಎಂದು ನೋಡುವುದಕ್ಕೆ ಇಟ್ಟುಕೊಂಡಿರುತ್ತಾರಲ್ಲ, ಮಧ್ಯೆ ಒಂದು ಗಾಜಿನ ಕೊಳವೆ, ಅದರೊಳಗೆ ಹಸಿರು ನೀರು, ನೀರಿನಲ್ಲೊಂದು ಗಾಳಿಗುಳ್ಳೆ, ಅದೇ. ಅದರ ಮೈಮೇಲೆ ಮೂರು ಬೊಟ್ಟು ಕುಂಕುಮ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ಮೂಸಿದೆ. ಇನ್ನೂ ಊದುಬತ್ತಿಯ ವಾಸನೆ. ಅಲ್ಲೇ ನೆಲದ ಮೇಲೆ ಕೂತು ಒಬ್ಬನೇ ನಕ್ಕೆ. ನನ್ನ ಹೆಂಡತಿ ಭಾಗ್ಯ ಅಡುಗೆಮನೆಯಿಂದಲೇ, “ಸಿಕ್ತಾ?” ಎಂದಳು. “ಸಿಕ್ತು, ಆದ್ರೆ ಅದಲ್ಲ” ಎಂದೆ. ಮೂವತ್ತೆರಡು ವರ್ಷದಿಂದ ಇಂಥ ಉತ್ತರ ಕೇಳಿ ಅಭ್ಯಾಸವಾಗಿರುವುದರಿಂದ ಅವಳು ಮುಂದೆ ಕೇಳಲಿಲ್ಲ.

ಈ ರಸಮಟ್ಟಕ್ಕೆ ಕುಂಕುಮ ಬಂದ ಕಥೆ ಹೇಳಬೇಕಾದರೆ ಮೊದಲು ನನ್ನ ಬಗ್ಗೆ ಎರಡು ಮಾತು ಹೇಳಬೇಕು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ರಿಟೈರ್ ಆದವನು. ಹೇಳಿಕೊಟ್ಟದ್ದು ಸಾಲದೆಂದು ಊರೂರಿಗೆ ಹೋಗಿ ಮೂಢನಂಬಿಕೆಯ ಮೇಲೆ ಭಾಷಣವನ್ನೂ ಮಾಡುತ್ತಿದ್ದೆ. ಒಮ್ಮೆ ಮಲ್ಲಿಪಟ್ಟಣದಲ್ಲಿ ಮೈಕು ಹಿಡಿದು, “ದೇವರೆಂಬುದು ಮನಸ್ಸಿನ ಊರುಗೋಲು. ಕಾಲು ಗಟ್ಟಿ ಇರುವವನಿಗೆ ಊರುಗೋಲು ಯಾಕೆ?” ಎಂದು ಕೇಳಿ, ಚಪ್ಪಾಳೆಗೆ ಜಾಗ ಬಿಟ್ಟು ನಿಂತೆ. ಚಪ್ಪಾಳೆ ಬರುವ ಮೊದಲೇ ಹಿಂದಿನ ಸಾಲಿನಲ್ಲಿ ಒಬ್ಬ ಮುದುಕಪ್ಪ ಕೋಲೂರಿಕೊಂಡು ಎದ್ದು, “ಸಾ, ಕಾಲು ಗಟ್ಟಿ ಇಲ್ದೋರು ಏನ್ಮಾಡದು?” ಎಂದ. “ಡಾಕ್ಟರ ಹತ್ತಿರ ಹೋಗಬೇಕು” ಎಂದೆ. ಎಲ್ಲರೂ ನಕ್ಕರು. ಗೆದ್ದೆ ಅಂದುಕೊಂಡು ಮಸಾಲೆದೋಸೆ ತಿಂದು ಮನೆಗೆ ಬಂದೆ.

ಹಾಗಂತ ನಾನೇನು ಅಪ್ಪಟ ಚಿನ್ನವಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಬೂದುಬಣ್ಣದ ಒಂದೇ ಶರ್ಟನ್ನು ಹದಿನಾಲ್ಕು ವರ್ಷ ಹಾಕಿಕೊಂಡಿದ್ದೇನೆ. ಕಾಲರು ಹರಿದು ಭಾಗ್ಯ ಅದನ್ನು ನೆಲ ಒರೆಸುವ ಬಟ್ಟೆ ಮಾಡಿದ ವರ್ಷ ನನ್ನ ವಿಷಯದಲ್ಲಿ ಏಳು ಮಕ್ಕಳು ಡುಮ್ಕಿ ಹೊಡೆದರು. ಕಾಕತಾಳೀಯ ಎಂದು ಎಲ್ಲರಿಗೂ ಹೇಳಿದೆ. ನೆಲ ಒರೆಸುವ ಬಟ್ಟೆಯನ್ನು ಮಾತ್ರ ಎಸೆಯಲು ಬಿಡಲಿಲ್ಲ. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಅಂತಾರಲ್ಲ, ಹಾಗೆ.

ಇನ್ನು ನನ್ನ ಅತ್ತೆ, ಬಾಗೂರಿನ ಚಿಕ್ಕತಾಯಮ್ಮ. ಹನ್ನೆರಡು ವರ್ಷದ ಹಿಂದೆ ಅವರಿಗೆ ಹೊಟ್ಟೆಯ ಬಲಗಡೆ ನೋವು ಶುರುವಾಯಿತು. ಹಾಸನದ ಆಸ್ಪತ್ರೆಯೊಂದರಲ್ಲಿ ತೋರಿಸಿದರೆ ಪಿತ್ತಕೋಶದಲ್ಲಿ ಕಲ್ಲು ಎಂದರು. “ತೆಗೆಸಿಬಿಡಿ, ತಡ ಮಾಡಿ ಸೋಂಕಾದರೆ ಕಷ್ಟ” ಎಂದು ಡಾಕ್ಟರು ಖಡಾಖಂಡಿತ ಹೇಳಿದರು. ಓಡಾಟಕ್ಕೆ ಅನುಕೂಲವೆಂದು ಅತ್ತೆ ಚನ್ನರಾಯಪಟ್ಟಣದ ನಮ್ಮ ಮನೆಗೆ ಬಂದು ಉಳಿದರು. ಬರುವಾಗ ಎರಡು ಸೀರೆ, ಒಂದು ಎಲೆಅಡಿಕೆ ಚೀಲ, ಮತ್ತೆ ದುಪ್ಪಟಿಯಲ್ಲಿ ಸುತ್ತಿದ ಮನೆದೇವರು ರಂಗಪ್ಪನ ಪಟ. ಬಸ್ಸಿನಲ್ಲಿ ಪಟಕ್ಕೆ ಕಿಟಕಿ ಪಕ್ಕದ ಸೀಟು ಕೊಟ್ಟು, ತಾವು ಅರ್ಧ ಸೀಟಿನಲ್ಲಿ ಕೂತು ಬಂದಿದ್ದರಂತೆ.

ಅತ್ತೆ ನನ್ನೊಡನೆ ನೇರವಾಗಿ ಮಾತಾಡುತ್ತಿರಲಿಲ್ಲ. ಹಳೇ ಕಾಲದ ಮರ್ಯಾದೆ ಅದು. ನಾನು ಎದುರಿಗೇ ಕೂತಿದ್ದರೂ ಬಾಗಿಲ ಹಿಂದೆ ಅರ್ಧ ಮರೆಯಾಗಿ ನಿಂತು, “ಭಾಗ್ಯ, ನಿಮ್ಮೆಜಮಾನ್ರಿಗೆ ಕಾಪಿ ಆರೋಯ್ತದೆ ಅಂತ ಏಳು” ಎನ್ನುವರು. ಭಾಗ್ಯ ಸಂತೆಗೆ ಹೋಗಿದ್ದರೆ ಗೋಡೆಗೆ ಹೇಳುವರು. ಗೋಡೆಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡು ಕಾಫಿ ಕುಡಿಯಬೇಕು. ಇಪ್ಪತ್ತು ವರ್ಷ ನಮ್ಮ ಸಂಸಾರದ ಎಷ್ಟೋ ವ್ಯವಹಾರ ಹೀಗೆ ಗೋಡೆಯ ಮೂಲಕವೇ ನಡೆದಿತ್ತು.

ಆಪರೇಷನ್ ವಿಷಯ ಬಂದಾಗ ಅತ್ತೆ, “ಊ ಕೇಳ್ದೆ ನಾನು ಎತ್ಲಾಗೂ ಬರಾಕಿಲ್ಲ” ಎಂದರು, ಗೋಡೆಗೆ. ದೇವರನ್ನು ಹೂ ಕೇಳುವುದು ನಿಮಗೆ ಗೊತ್ತಿರುತ್ತದೆ. ಗೊತ್ತಿಲ್ಲದವರಿಗೆ ಅತ್ತೆಯ ಪದ್ಧತಿ ಹೇಳುತ್ತೇನೆ. ದೇವರ ಗೂಡಿನಲ್ಲಿ ಪಟ ನಿಲ್ಲಿಸಿ, ಚೌಕಟ್ಟಿನ ನೆತ್ತಿಯನ್ನು ಒದ್ದೆಬಟ್ಟೆಯಿಂದ ಒರೆಸಿ, ಸರಿಯಾಗಿ ನಡುವೆ ಒಂದು ಕಣಗಿಲೆ ಹೂ ಇಡುವುದು. ಮನಸ್ಸಿನಲ್ಲಿ ಕೇಳಬೇಕಾದ್ದು ಕೇಳಿಕೊಂಡು ಕೈಮುಗಿದು ಕಾಯುವುದು. ಹೂ ಬಲಕ್ಕೆ ಜಾರಿ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ. ಸೊಸೆ ತರುವುದರಿಂದ ಹಿಡಿದು ಎಮ್ಮೆ ಮಾರುವ ತನಕ ಬಾಗೂರಿನ ಆ ಮನೆಯಲ್ಲಿ ಹೂವಿನ ಅಪ್ಪಣೆಯಿಲ್ಲದೆ ಏನೂ ನಡೆದಿಲ್ಲ. ನನ್ನನ್ನು ಅಳಿಯನಾಗಿ ಒಪ್ಪಿಕೊಳ್ಳಲೂ ಕೇಳಿದ್ದರಂತೆ. ಮೊದಲ ಸಲ ಎಡಕ್ಕೆ ಬಿತ್ತಂತೆ. “ಅವತ್ತು ಗಾಳಿ ಜಾಸ್ತಿ ಇತ್ತು ಅಂತ ಅಮ್ಮ ಎರಡನೇ ಸಲ ಕೇಳಿದ್ರು” ಎಂದು ಭಾಗ್ಯ ಮದುವೆಯಾದ ಆರು ವರ್ಷಕ್ಕೆ ಹೇಳಿದಳು. ಆ ಗಾಳಿಗೆ ನಾನು ಋಣಿ.

ರಂಗಪ್ಪನಿಗೆ ಶನಿವಾರ. ಆಗ ನಾನು ಶ್ರವಣಬೆಳಗೊಳದ ಕಡೆಯ ಒಂದು ಸ್ಕೂಲಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಶನಿವಾರ ಬೆಳಗಿನ ಕ್ಲಾಸು. ಹಾಗಾಗಿ ಪೂಜೆಯ ಹೊತ್ತಿಗೆ ನಾನು ಮನೆಯಲ್ಲಿ ಇರುತ್ತಿರಲಿಲ್ಲ. ಮಧ್ಯಾಹ್ನ ಬಂದರೆ ಭಾಗ್ಯ ಸಪ್ಪೆ ಮೋರೆ ಮಾಡಿಕೊಂಡು, “ಎಡಕ್ಕೆ ಬಿತ್ತು ಕಣ್ರೀ” ಎನ್ನುವಳು. ಮುಂದಿನ ಶನಿವಾರವೂ ಎಡಕ್ಕೆ. ಅದರ ಮುಂದಿನದೂ ಎಡಕ್ಕೆ. ಅಷ್ಟರಲ್ಲಿ ಅತ್ತೆಗೆ ಎರಡು ಸಲ ನೋವು ಬಂದು, ರಾಗಿ ಅಂಬಲಿ ಕೂಡ ಇಳಿಯದೆ ಒದ್ದಾಡಿದ್ದರು. ಡಾಕ್ಟರು ಫೋನಿನಲ್ಲಿ ರೇಗಿದರು. ಭಾಗ್ಯ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುವುದು ನನಗೆ ಕೇಳಿಸಿತು. ಆಗ ನನ್ನೊಳಗಿನ ವಿಜ್ಞಾನಿಗೆ ಕೋಪ ಬಂತು. ಒಂದು ಹೂವಿನಿಂದಾಗಿ ಒಂದು ಜೀವ ಹೋಗುವುದೇ?

ಅವರಿಬ್ಬರೂ ನೆಂಟರ ಮನೆಗೆ ಹೋಗಿದ್ದ ಒಂದು ಮಧ್ಯಾಹ್ನ, ಮೇಲಿನ ರೂಮಿನ ಗಾರೆ ಕೆಲಸಕ್ಕೆ ಬಂದಿದ್ದವರು ಬಿಟ್ಟುಹೋಗಿದ್ದ ಈ ರಸಮಟ್ಟವನ್ನು ತೆಗೆದುಕೊಂಡು ದೇವರ ಗೂಡಿನ ಮುಂದೆ ನಿಂತೆ. ಪಟ ಎಡಕ್ಕೆ ವಾಲಿರಬೇಕು, ಅದಕ್ಕೇ ಹೂ ಎಡಕ್ಕೆ ಬೀಳುತ್ತಿದೆ ಎನ್ನುವುದು ನನ್ನ ಊಹೆ. ರಸಮಟ್ಟವನ್ನು ಚೌಕಟ್ಟಿನ ನೆತ್ತಿಯ ಮೇಲಿಟ್ಟೆ. ಗುಳ್ಳೆ ಓಡಿಹೋಗಿ ನಟ್ಟನಡುವೆ ನಿಂತಿತು. ಅಲುಗಲಿಲ್ಲ. ರಂಗಪ್ಪ ಕೂದಲೆಳೆಯಷ್ಟೂ ವಾಲದೆ ನೆಟ್ಟಗೆ ನಿಂತು ನನ್ನನ್ನೇ ನೋಡುತ್ತಿದ್ದ. ವಿಜ್ಞಾನಕ್ಕೆ ಮುಖಭಂಗವಾಯಿತು. ಸರಿ, ಪ್ರಕೃತಿ ನೆರವಾಗದಿದ್ದರೆ ತಂತ್ರಜ್ಞಾನವಿದೆ ಎಂದುಕೊಂಡು ಜೇಬಿನಿಂದ ಬಸ್ ಟಿಕೆಟ್ಟು ತೆಗೆದು, ಎಂಟು ಮಡಿಕೆ ಮಡಿಚಿ, ಪಟದ ಕೆಳಗೆ ಎಡಮೂಲೆಗೆ ಸಿಕ್ಕಿಸಿ, ನೆತ್ತಿಯ ನಡುವೆ ಒಂದು ಕಣಗಿಲೆ ಹೂ ಇಟ್ಟೆ. ಹೂ ಕದಲಲಿಲ್ಲ. ಎರಡು ಟಿಕೆಟ್ಟು. ಹೂ ಯೋಚನೆ ಮಾಡಿತು. ಮೂರನೆಯದಕ್ಕೆ ಸುಯ್ಯೆಂದು ಬಲಕ್ಕೆ ಜಾರಿ ಕೆಳಗೆ ಬಿತ್ತು. ಪ್ರಯೋಗವನ್ನು ಹತ್ತು ಸಲ ಮಾಡಿದೆ. ಹತ್ತಕ್ಕೆ ಹತ್ತು. ಬೇಲಿಯ ಕಣಗಿಲೆ ಗಿಡ ಬೋಳಾಯಿತು. ಪಟದ ಬುಡಕ್ಕೆ ಒಂದು ಹಾರ ಅಡ್ಡ ಇಟ್ಟು ಟಿಕೆಟ್ಟು ಮುಚ್ಚಿ, ಕೈ ತೊಳೆದುಕೊಂಡೆ.

ನಾಲ್ಕನೇ ಶನಿವಾರ ರಜೆ ಹಾಕಿ ಮನೆಯಲ್ಲೇ ಉಳಿದೆ. ಫಲಿತಾಂಶ ಕಣ್ಣಾರೆ ನೋಡುವ ಆಸೆ. ಅತ್ತೆ ಮಡಿಯುಟ್ಟು, ನಿಧಾನವಾಗಿ ಚೌಕಟ್ಟು ಒರೆಸಿ, ಹೂವಿಟ್ಟು, ಕಣ್ಣು ಮುಚ್ಚಿದರು. ಭಾಗ್ಯ ಸೆರಗು ಬಾಯಿಗೆ ಅಡ್ಡ ಹಿಡಿದು ನಿಂತಿದ್ದಳು. ನಾನು ಕೈಕಟ್ಟಿಕೊಂಡು, ಉತ್ತರಪತ್ರಿಕೆ ಮೊದಲೇ ನೋಡಿದವನ ಠೀವಿಯಲ್ಲಿ ನಿಂತಿದ್ದೆ. ಹೂ ಒಂದು ಕ್ಷಣ ಕೂತಿತ್ತು. ಆಮೇಲೆ ಚೌಕಟ್ಟಿನ ಉದ್ದಕ್ಕೂ ಜಾರಿಕೊಂಡು ಬಂದು ಬಲಕ್ಕೆ ಬಿತ್ತು.

“ಬಲಕ್ಕೆ!” ಎಂದು ಕೂಗಿದೆ.

ಭಾಗ್ಯ ನನ್ನ ಕಡೆ ಕೆಕ್ಕರಿಸಿ ನೋಡಿದಳು. “ಯಾರ ಬಲ? ನಿಮ್ಮ ಬಲಾನಾ? ದೇವರ ಬಲ ನೋಡಬೇಕು ಕಣ್ರೀ! ಅದು ಎಡ!”

ಓದುಗರೇ, ಎದುರಿಗೆ ನಿಂತವರ ಬಲಗೈ ನಮ್ಮ ಎಡಕ್ಕೆ ಬರುತ್ತದೆ ಎನ್ನುವುದನ್ನು ಇಪ್ಪತ್ತೈದು ವರ್ಷ ಮಕ್ಕಳನ್ನು ಎದುರುಬದುರು ನಿಲ್ಲಿಸಿ ಪಾಠ ಮಾಡಿದವನು ನಾನು. ರಂಗಪ್ಪ ನನಗೆ ಎದುರಾಗಿ ನಿಂತಿದ್ದಾನೆ ಎನ್ನುವುದು ಮಾತ್ರ ಹೊಳೆದಿರಲಿಲ್ಲ. ಅವನು ಇದ್ದಾನೆ ಎಂದೇ ಒಪ್ಪದವನಿಗೆ ಅವನ ಬಲಗೈ ಎಲ್ಲಿಂದ ನೆನಪಾಗಬೇಕು? ನನ್ನ ಹತ್ತಕ್ಕೆ ಹತ್ತು ಪ್ರಯೋಗ, ಹತ್ತಕ್ಕೆ ಹತ್ತೂ ‘ಬೇಡ’ ಎನ್ನುವುದಾಗಿತ್ತು.

ಆದರೆ ಆ ಹೊತ್ತಿಗೆ ನಾವಿಬ್ಬರೂ ಅತ್ತೆಯನ್ನು ಮರೆತಿದ್ದೆವು. ತಿರುಗಿ ನೋಡಿದರೆ ಅವರು ಗೋಡೆ ಹಿಡಿದುಕೊಂಡು ನಿಂತಿದ್ದರು. ಮುಖ ಬಿಳಿಚಿಕೊಂಡಿತ್ತು.

“ಇದೆಂಗಾಯ್ತು? ನಾನು ಈ ಕಡಿಕೆ ಸರಿಸಿ ಇಟ್ಟಿದ್ನಲ್ಲಾ! ಆ ಕಡಿಕೆ ಎಂಗೋಯ್ತು?”

“ಸರಿಸಿ ಇಟ್ಟಿದ್ಯಾ?” ಎಂದಳು ಭಾಗ್ಯ.

ಅತ್ತೆ ನೆಲದ ಮೇಲೆ ಕೂತುಬಿಟ್ಟರು. ಬಿಡಿಸಿ ಕೇಳಿದ ಮೇಲೆ ತಿಳಿದದ್ದಿಷ್ಟು. ಮೊದಲ ಮೂರು ಶನಿವಾರವೂ ಅತ್ತೆ ಹೂವನ್ನು ನಡುವೆ ಇಟ್ಟಿರಲೇ ಇಲ್ಲ. ಒಂದು ಬೆರಳಷ್ಟು ‘ಬೇಡ’ದ ಕಡೆಗೆ ಸರಿಸಿ, ಆ ಕಡೆಗೇ ವಾಲುವ ಹಾಗೆ ಇಟ್ಟಿದ್ದರು. ಆ ವಾರ ಮಗಳು ಬಚ್ಚಲಲ್ಲಿ ಅಳುವುದನ್ನು ಅವರೂ ಕೇಳಿಸಿಕೊಂಡಿದ್ದರಿಂದ, ಅವತ್ತು ಮನಸ್ಸು ಗಟ್ಟಿ ಮಾಡಿ ‘ಆಗಲಿ’ಯ ಕಡೆಗೆ ಸರಿಸಿ ಇಟ್ಟಿದ್ದರು.

“ಇಷ್ಟು ದಿನ ಬ್ಯಾಡ ಅಂದಿದ್ದು ನಾನು ಕಣವ್ವ, ಅವನಲ್ಲ. ಇವತ್ತು ನಾನು ಊಂ ಅಂದೆ, ಅವನೇ ಬ್ಯಾಡ ಅಂದ್ಬುಟ್ಟ. ಇದು ನಿಜವಾದ ಅಪ್ಪಣೆ. ಇನ್ ನನ್ ಕೂದ್ಲು ಇಡ್ಕಂಡು ಎಳುದ್ರೂ ನಾನು ಆ ಆಸ್ಪತ್ರೆ ಮೆಟ್ಲು ಅತ್ತಾಕಿಲ್ಲ.”

ಹೇಳದಿದ್ದರೆ ಅತ್ತೆಯ ಜೀವಕ್ಕೆ ಕುತ್ತು. ಹೇಳಿದರೆ ಇಪ್ಪತ್ತು ವರ್ಷದ ಅಳಿಯತನದ ಮಾನ ಮೂರಾಬಟ್ಟೆ. ಗೂಡಿನ ಹತ್ತಿರ ಹೋದೆ. ಹಾರ ಸರಿಸಿ, ಮೂರು ಟಿಕೆಟ್ಟನ್ನು ಎಳೆದು, ಅತ್ತೆಯ ಮುಂದೆ ನೆಲದ ಮೇಲಿಟ್ಟೆ. “ಅದು ದೇವರಲ್ಲ ಅತ್ತೆ. ನಾನು. ಅದೂ ತಪ್ಪು ಮೂಲೆಗೆ ಇಟ್ಟೆ” ಎಂದೆ. ರಸಮಟ್ಟವನ್ನೂ ತಂದು ತೋರಿಸಿ, ಗುಳ್ಳೆ ಹೇಗೆ ಓಡುತ್ತದೆ ಎಂದು ಪಾಠ ಶುರು ಮಾಡಿದೆ. ಭಾಗ್ಯ ಹಲ್ಲು ಕಚ್ಚಿಕೊಂಡು, “ಪಾಠ ಸಾಕು” ಎಂದಳು.

ಅತ್ತೆ ಮಡಿಚಿದ ಟಿಕೆಟ್ಟುಗಳನ್ನು ಕೈಗೆ ತೆಗೆದುಕೊಂಡು ಬಿಚ್ಚದೆ ಹಾಗೇ ತಿರುಗಿಸಿ ನೋಡಿದರು. ಮೊದಲು ಹೆಗಲು ಅಲುಗಿತು. ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು. ನಗು ಜೋರಾಗಿ, ಹೊಟ್ಟೆ ಹಿಡಿದುಕೊಂಡು, “ಅಯ್ಯೋ ನಗುಸ್ಬ್ಯಾಡಿ, ಕಲ್ಲು ಒತ್ತುತದೆ” ಎಂದು ನರಳುತ್ತಾ ನಕ್ಕರು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಗೋಡೆಗಲ್ಲ, ಭಾಗ್ಯಳಿಗಲ್ಲ, ನನ್ನ ಮುಖ ನೋಡಿ ಮೊಟ್ಟಮೊದಲ ಬಾರಿಗೆ ಮಾತಾಡಿದರು.

“ನಾನೊಬ್ಳು ಕಳ್ಳಿ, ನೀವೊಬ್ರು ಕಳ್ರು. ಮಧ್ಯದಲ್ಲಿ ಅವನಾರೂ ಏನ್ಮಾಡಾನು ಅಳಿಯಂದ್ರೇ, ಪಾಪ.”

“ಮತ್ತೆ ಮೂರು ವಾರ ಯಾಕೆ ಹಾಗೆ ಇಟ್ರಿ ಅತ್ತೆ?”

ಅವರು ಬಿದ್ದ ಹೂವನ್ನು ಎತ್ತಿಕೊಂಡರು. “ಎದ್ರಿಕೆ. ಎದ್ರಿಕೆ ಅಂತ ಏಳಾಕೆ ನಾಚ್ಕೆ. ನಾಕ್ ಮಕ್ಳ ಎತ್ತೋಳು, ಒಂದು ಕಲ್ಲಿಗೆ ಎದ್ರುಕತಾಳಾ ಅನ್ನಾಕಿಲ್ವಾ? ದ್ಯಾವ್ರು ಬ್ಯಾಡ ಅಂದ ಅಂದ್ರೆ ಯಾರೂ ನಗಾಕಿಲ್ಲ.” ಮತ್ತೆ ತಡೆದು, “ಕುಯ್ಯೋದಕ್ಕಲ್ಲ ಅಳಿಯಂದ್ರೇ. ಮತ್ತು ಕೊಡ್ತಾರಂತಲ್ಲ, ಕೊಟ್ಟ ಮ್ಯಾಕೆ ನಾನೆಲ್ಲಿರ್ತೀನಿ?” ಎಂದರು.

ಅರಿವಳಿಕೆ ನರಗಳ ಮೇಲೆ ಹೇಗೆ ಕೆಲಸ ಮಾಡುತ್ತದೆ ಎನ್ನುವುದು ನನಗೆ ಗೊತ್ತಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಅವರು ಕೇಳಿದ್ದು ಅದನ್ನಲ್ಲ. ಮಲ್ಲಿಪಟ್ಟಣದ ಮುದುಕಪ್ಪ ಯಾಕೋ ನೆನಪಾದ.

“ನಾನು ಬಾಗಿಲಲ್ಲೇ ಇರ್ತೀನಿ ಅತ್ತೆ. ನೀವು ಹೊರಗೆ ಬರೋ ತನಕ ಒಂದು ಹೆಜ್ಜೆ ಅಲ್ಲಾಡಲ್ಲ.”

“ಸರಿ ಬುಡಿ. ನೀವು ಬಾಗ್ಲಲ್ಲಿರಿ, ಅವನು ಒಳೀಕೆ ಬತ್ತಾನೆ” ಎಂದು ಎದ್ದರು. ಆಪರೇಷನ್ ಹೀಗೆ ತೀರ್ಮಾನವಾಯಿತು. ಹೂವನ್ನು ಯಾರೂ ಮತ್ತೆ ಕೇಳಲಿಲ್ಲ.

ಆಪರೇಷನ್ ದಿನ ಅತ್ತೆ ಒಂದು ಕಣಗಿಲೆ ಹೂವನ್ನು ನನ್ನ ಶರ್ಟಿನ ಜೇಬಿಗೆ ಹಾಕಿ ಒಳಗೆ ಹೋದರು. ಬಾಗಿಲು ಮುಚ್ಚಿತು. ಹತ್ತು ನಿಮಿಷ ಪೇಪರು ಓದಿದೆ, ಒಂದೇ ಸಾಲು. ಭಾಗ್ಯ ಪಕ್ಕದಲ್ಲಿ ಏನೋ ಸ್ತೋತ್ರ ಗುನುಗುತ್ತಿದ್ದಳು. ಅವಳಿಗೆ ಹಿಡಿದುಕೊಳ್ಳಲು ಏನೋ ಒಂದಿತ್ತು. ನನಗೆ ಕೈಯೂರಲು ಏನೂ ಇರಲಿಲ್ಲ. ಬಾಯಿಗೆ ಬಂದದ್ದು ನನಗೆ ಬರುತ್ತಿದ್ದ ಒಂದೇ ಒಂದು ಕಂಠಪಾಠ. “ಹೈಡ್ರೋಜನ್, ಹೀಲಿಯಂ, ಲಿಥಿಯಂ, ಬೆರಿಲಿಯಂ, ಬೋರಾನ್, ಕಾರ್ಬನ್...” ಸಣ್ಣ ದನಿಯಲ್ಲಿ ಹೇಳುತ್ತಾ ಹೋದೆ. ಮುಗಿದರೆ ಮತ್ತೆ ಮೊದಲಿಂದ. ಎದುರಿನ ಬೆಂಚಿನಲ್ಲಿದ್ದ ಅರಕಲಗೂಡು ಕಡೆಯ ಅಜ್ಜಿಯೊಬ್ಬರು ನಾಲ್ಕನೇ ಆವರ್ತನೆಗೆ ಕೈಮುಗಿದರು. “ಯಾವ್ ದ್ಯಾವ್ರ ಮಂತ್ರ ಸಾ?” ಎಂದು ಭಕ್ತಿಯಿಂದ ಕೇಳಿದರು.

“ಎಲ್ಲಾ ಮೂಲಧಾತುಗಳದ್ದು ಅಜ್ಜಿ” ಎಂದೆ.

“ನಮ್ ಯಜಮಾನ್ರೂ ಒಳ್ಗವ್ರೆ. ಅವರ್ ಎಸರ್ನಲ್ಲೂ ಒಂದ್ಸಲ ಏಳ್ಬುಡಿ” ಎಂದರು. ಹೇಳಿದೆ. ಅವರಿಗೋಸ್ಕರ ಸ್ವಲ್ಪ ರಾಗವಾಗಿಯೇ ಹೇಳಿದೆ. ಇಬ್ಬರೂ ಸುಖವಾಗಿ ಹೊರಗೆ ಬಂದರು. ಕಾಕತಾಳೀಯ.

ಭಾಗ್ಯ ಇದನ್ನೆಲ್ಲ ಅಮ್ಮನಿಗೆ ವರದಿ ಒಪ್ಪಿಸಿದಳು. ಹೊಟ್ಟೆಗೆ ಹಾಕಿದ ಹೊಲಿಗೆಯ ಮೇಲೆ ದಿಂಬು ಒತ್ತಿಕೊಂಡು ಅತ್ತೆ ಮತ್ತೆ ನಕ್ಕರು. ಆ ವರ್ಷದ ಆಯುಧಪೂಜೆಗೆ ನನ್ನ ಸ್ಕೂಟರು, ಕುಡುಗೋಲು, ಮಿಕ್ಸಿಗಳ ಸಾಲಿನಲ್ಲಿ ರಸಮಟ್ಟವನ್ನೂ ಇಟ್ಟು ಮೂರು ಬೊಟ್ಟು ಕುಂಕುಮ ಇಟ್ಟರು. ಆಮೇಲೆ ಪಟವನ್ನು ದುಪ್ಪಟಿಯಲ್ಲಿ ಸುತ್ತಿಕೊಂಡು ಬಾಗೂರಿಗೆ ಹೋದರು. ಟಿಕೆಟ್ಟು ಎಲ್ಲಿ ಹೋಯಿತೆಂದು ನಾನು ಕೇಳಲಿಲ್ಲ.

ಈಗ ರಿಪೋರ್ಟಿನ ವಿಷಯ. ನನಗೆ ಹರ್ನಿಯಾ. ಬರುವ ಬುಧವಾರ ಹಾಸನದಲ್ಲಿ ಆಪರೇಷನ್. ಸಣ್ಣದು ಎಂದು ಡಾಕ್ಟರು ಹೇಳಿದ್ದಾರೆ. ಸಣ್ಣದು ಎಂದು ನಾನೂ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೇನೆ. ನಿಮಗೊಬ್ಬರಿಗೆ ಹೇಳುತ್ತೇನೆ, ನನಗೆ ತುಂಬಾ ಭಯವಾಗಿದೆ. ಸ್ನಾನ ಮಾಡುವಾಗ, ಶೂ ಕಟ್ಟುವಾಗ, ತರಕಾರಿ ಆರಿಸುವಾಗ ಆ ಪ್ರಶ್ನೆ ಬಂದು ಮುಂದೆ ನಿಲ್ಲುತ್ತದೆ. ಕೊಟ್ಟ ಮ್ಯಾಕೆ ನಾನೆಲ್ಲಿರ್ತೀನಿ?

ಅತ್ತೆಗೆ ಈಗ ಎಂಬತ್ತರ ಹತ್ತಿರ. “ಅಳಿಯಂದ್ರನ್ನ ಶನಿವಾರ ಕಳ್ಸು, ಊ ಕೇಳ್ತೀನಿ” ಎಂದು ಭಾಗ್ಯಳಿಗೆ ಫೋನು ಮಾಡಿದ್ದರು. ನಿನ್ನೆ ಬಾಗೂರಿಗೆ ಹೋದೆ. ತಮಾಷೆಗೆ ಇರಲಿ ಎಂದು ರಸಮಟ್ಟವನ್ನೂ ಚೀಲದಲ್ಲಿ ಹಾಕಿಕೊಂಡೆ. ಹೋಗುವಾಗ ನಿಜಕ್ಕೂ ತಮಾಷೆಗೇ ಅಂದುಕೊಂಡಿದ್ದೆ.

ಅತ್ತೆ ಚೌಕಟ್ಟು ಒರೆಸಿ, ನಡುವೆ ಹೂವಿಟ್ಟರು. ನಾನು ಈ ಸಲ ಕೈಕಟ್ಟಿಕೊಂಡಿರಲಿಲ್ಲ. ಹೂ ಕೂತಿತ್ತು. ಆಮೇಲೆ ಹೂ ಮೆಲ್ಲಗೆ ಜಾರಿ, ರಂಗಪ್ಪನ ಬಲಕ್ಕೆ, ನನ್ನ ಎಡಕ್ಕೆ ಬಿತ್ತು.

“ಕೊಟ್ಟ ನೋಡಿ” ಎಂದರು ಅತ್ತೆ. “ಆ ಗುಳ್ಳೆಕೋಲು ತಂದಿದ್ದೀರಂತೆ. ಬೇಕಾರೆ ಇಟ್ಟು ನೋಡ್ಕಳಿ.”

ಬಗ್ಗಿ ಹೂ ಎತ್ತಿಕೊಳ್ಳುವಾಗ ಪಟದ ಬುಡಕ್ಕೆ ಕಣ್ಣು ಹೋಯಿತು. ನನ್ನ ಬಲಗಡೆಯ ಮೂಲೆಯ ಕೆಳಗೆ, ಹಾರದ ಹಿಂದೆ, ಮಡಿಚಿದ ಕಾಗದದ ಅಂಚು ಇಣುಕುತ್ತಿತ್ತು. ಎಂಟು ಮಡಿಕೆ, ಮೂರು ಪದರ. ಅಕ್ಷರವೆಲ್ಲ ಅಳಿಸಿಹೋಗಿ, ಎಲೆಅಡಿಕೆ ಚೀಲದಲ್ಲಿ ಹನ್ನೆರಡು ವರ್ಷ ಇದ್ದು ಸುಣ್ಣದ ಕಲೆ ಹತ್ತಿದ ನನ್ನದೇ ಟಿಕೆಟ್ಟು. ಈ ಸಲ ಸರಿಯಾದ ಮೂಲೆಯಲ್ಲಿತ್ತು.

ಎಲ್ಲಾ ಗೊತ್ತಿದ್ದೂ ನನ್ನ ಎದೆ ಹಗುರವಾಯಿತು. ಇದಕ್ಕೆ ನನ್ನ ಹತ್ತಿರ ವಿವರಣೆ ಇಲ್ಲ. ಇದ್ದರೂ ನಿನ್ನೆ ನನಗದು ಬೇಕಿರಲಿಲ್ಲ. ರಸಮಟ್ಟವನ್ನು ಚೀಲದಿಂದ ತೆಗೆಯದೆ, ಹೂವನ್ನು ಜೇಬಿಗೆ ಹಾಕಿಕೊಂಡೆ.

“ಅತ್ತೆ, ಬುಧವಾರ ಬಾಗಿಲಲ್ಲಿ ನೀವಿರ್ತೀರಾ?” ಎಂದು ಕೇಳಿದೆ.

“ಇರ್ದೆ ಏನು? ಒಂದು ಕುರ್ಚಿ ಆಕ್ಸಿ, ಸಾಕು” ಎಂದರು. ಸ್ವಲ್ಪ ಯೋಚಿಸಿ, “ನಮ್ ದ್ಯಾವ್ರ ಮಂತ್ರ ನಿಮ್ಗೆ ಒಗ್ಗಾಕಿಲ್ಲ ಅಳಿಯಂದ್ರೇ. ನೀವು ಅವತ್ತು ನಂಗೆ ಏಳಿದ್ರಲ್ಲ ಐಡ್ರೋಜನ್ನು, ಅದ್ನ ಒಂದು ಆಳೇಲಿ ದಪ್ಪಕ್ಕೆ ಬರ್ದುಕೊಡಿ. ಮೊಮ್ಮಗಳ ಕೈಲಿ ಓದುಸ್ಕಂಡು ಬಾಯಿಪಾಠ ಮಾಡ್ಕತೀನಿ. ನೀವು ಈಚ್ಗೆ ಬರಗಂಟ ಏಳ್ತೀನಿ” ಎಂದರು.

ಈಗ ಅದನ್ನೇ ಬರೆಯುತ್ತಾ ಕೂತಿದ್ದೇನೆ. ರಸಮಟ್ಟವನ್ನೇ ಅಡಿಪಟ್ಟಿ ಮಾಡಿಕೊಂಡು ಗೆರೆ ಎಳೆದು, ಗೆರೆಗೊಂದರಂತೆ ದಪ್ಪ ಅಕ್ಷರದಲ್ಲಿ. ಇಪ್ಪತ್ತು ಸಾಕು, ಎಂಬತ್ತರ ಬಾಯಿಗೆ ಅದೇ ಹೆಚ್ಚು. ಹಕಾರ ಅತ್ತೆಯ ನಾಲಿಗೆಯಲ್ಲಿ ನಿಲ್ಲುವುದಿಲ್ಲವಾದ್ದರಿಂದ ‘ಐಡ್ರೋಜನ್, ಈಲಿಯಂ’ ಎಂದೇ ಬರೆದಿದ್ದೇನೆ. ಹೇಳುವಾಗ ಅವರು ಎಲ್ಲೂ ತಡವರಿಸಬಾರದು ನೋಡಿ, ಒಳಗೆ ಮಲಗಿರುವವನು ನಾನು.